ಬೋರ್ಡಿನ ಬೆಳಕು, ಗಾಜಿನ ಗೀರು

ಬಟ್ಟೆ ಅಂಗಡಿಯ ಯಜಮಾನರು ನನ್ನ ಸ್ಟುಡಿಯೋಗೆ ಬಂದು ಕೇಳಿದ್ದು ಒಂದೇ ಒಂದು ಫೋಟೋ. ಅರಸೀಕೆರೆಯ ಮಾರ್ಕೆಟ್ ತಿರುವಿನಲ್ಲಿ ಅವರ ಹೊಸ ಮಳಿಗೆ ಶುರುವಾಗುವ ಸಂಜೆ ಅದನ್ನು ತೆಗೆಯಬೇಕು. ಮಳಿಗೆಯ ನೆತ್ತಿಯ ಮೇಲೆ ಕೂರಿಸಿದ್ದ ಎಲ್‌ಇಡಿ ಬೋರ್ಡು, ಅದರ ಮೇಲೆ ಆಕಾಶ, ಕೆಳಗೆ ಬೀದಿ, ಬೀದಿಯಲ್ಲಿ ಜನ, ಎಲ್ಲವೂ ಅದೊಂದರಲ್ಲೇ ಇರಬೇಕು.

"ಬೋರ್ಡು ಸುಣ್ಣ ಬಳಿದ ಗೋಡೆ ಥರ ಬರಬಾರದು ಮೇಡಂ, ಅಕ್ಷರ ಓದೋ ಹಾಗಿರಬೇಕು. ಹಾಗಂತ ಕೆಳಗೆ ಊರು ಕತ್ತಲಾಗಬಾರದು," ಎಂದರು.

ಕೇಳುವವರಿಗೇನು, ಕೇಳಿಬಿಡುತ್ತಾರೆ. ಆ ಬೋರ್ಡು ಎಷ್ಟು ಪ್ರಖರವಾಗಿತ್ತೆಂದರೆ ಅದರ ಅಕ್ಷರ ಉಳಿಸಿಕೊಳ್ಳಲು ಹೋದರೆ ಬೀದಿ ಪೂರ್ತಿ ಕಪ್ಪಾಗುತ್ತಿತ್ತು. ಬೀದಿಯನ್ನು ಉಳಿಸಿಕೊಂಡರೆ ಬೋರ್ಡು ಬರೀ ಬಿಳಿ ಚೌಕ. ಇಷ್ಟು ದೂರದ ಎರಡು ಬೆಳಕುಗಳನ್ನು ಒಂದೇ ಸಲಕ್ಕೆ ಹಿಡಿಯಲು ಕ್ಯಾಮೆರಾಗೆ ಬರುವುದಿಲ್ಲ. ಶಟರ್ ವೇಗ ಹೆಚ್ಚಿಸಿ ಬೋರ್ಡನ್ನು ಪಳಗಿಸೋಣವೆಂದರೆ ಇನ್ನೊಂದು ತಲೆನೋವು. ಎಲ್‌ಇಡಿ ಬೆಳಕು ನಮ್ಮ ಕಣ್ಣಿಗೆ ಗೊತ್ತಾಗದ ಹಾಗೆ ಮಿಟುಕುತ್ತಿರುತ್ತದೆ. ವೇಗದ ಶಟರ್‌ಗೆ ಅದು ಸಿಕ್ಕಿಬಿದ್ದು ಚಿತ್ರದಲ್ಲಿ ಅಡ್ಡಪಟ್ಟೆಗಳು ಬರುತ್ತವೆ. ಹಾಗಾಗಿ ಶಟರ್ ನಿಧಾನವಾಗಿಯೇ ಇರಬೇಕು, ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು.

ಆ ಸಂಜೆ ನಾನು ಆಕಾಶದಲ್ಲಿ ಇನ್ನೂ ನೀಲಿ ಉಳಿದಿದ್ದ ಹೊತ್ತಿಗೇ ತಿರುವಿನ ಎದುರು ಟ್ರೈಪಾಡ್ ನೆಟ್ಟೆ. ಲೆನ್ಸಿನ ಮುಂದಿನ ಫಿಲ್ಟರ್ ಬಿಚ್ಚಿಟ್ಟೆ, ಏಕೆಂದರೆ ಅಂಥ ಬೆಳಕಿನೆದುರು ಒಂದು ಗಾಜು ಹೆಚ್ಚಿದ್ದರೂ ಚಿತ್ರದಲ್ಲಿ ಹಸಿರು ಚುಕ್ಕೆಗಳು ತೇಲುತ್ತವೆ. ಲೆನ್ಸನ್ನು ಎರಡು ಸಲ ಒರೆಸಿದೆ. ಆಮೇಲೆ ಮಳಿಗೆಯ ಒಳಗೆ ಹೋಗಿ, ಬೋರ್ಡಿನ ಬೆಳಕನ್ನು ಐದು ನಿಮಿಷ ಕಮ್ಮಿ ಮಾಡಿಸಿ ಎಂದು ಯಜಮಾನರನ್ನು ಕೇಳಿದೆ. ಕೇಳಬಾರದಿತ್ತು. ಒಳಗೆ ಪೂಜೆ ನಡೆಯುತ್ತಿತ್ತು, ಅವರ ತಾಯಿ ಆಗಷ್ಟೇ ದೀಪ ಹಚ್ಚಿದ್ದರು.

"ದೀಪ ಹಚ್ಚೋ ಹೊತ್ತಲ್ಲಿ, ಅಂಗಡಿ ಶುರುವಾಗೋ ದಿನ, ಬೆಳಕು ಕಮ್ಮಿ ಮಾಡಿ ಅಂತೀಯಲ್ಲಮ್ಮ. ನೀನೂ ಮನೇಲಿ ದೀಪ ಹಚ್ಚೋಳೇ ತಾನೆ?" ಎಂದು ಆ ತಾಯಿ ಗದರಿದರು.

ನಾನು ಹೊರಗೆ ಬಂದೆ. ಯಂತ್ರದ ಲೆಕ್ಕದಲ್ಲಿ ಮುಳುಗಿದ್ದ ನನಗೆ, ನಮ್ಮ ಮನೆಯಲ್ಲೂ ಆ ಹೊತ್ತಿನಲ್ಲಿ ಯಾರೂ ಸ್ವಿಚ್ಚಿನ ತಂಟೆಗೆ ಹೋಗುವುದಿಲ್ಲವೆಂಬುದೇ ಮರೆತುಹೋಗಿತ್ತು.

ಉಳಿದಿದ್ದು ಒಂದೇ ದಾರಿ. ಟ್ರೈಪಾಡ್ ಅಲುಗಿಸದೆ ಐದು ಫ್ರೇಮು ತೆಗೆದೆ. ಮೊದಲನೆಯದು ಬೋರ್ಡಿಗಾಗಿ, ಕೊನೆಯದು ಬೋರ್ಡಿನ ಕೆಳಗಿನ ಕತ್ತಲಿಗಾಗಿ, ನಡುವಿನವು ಆಕಾಶಕ್ಕೆ, ಗೋಡೆಗೆ, ಜನರಿಗೆ. ಮರುದಿನ ಕಂಪ್ಯೂಟರಿನಲ್ಲಿ ಕೂತು ಒಂದೊಂದರಿಂದ ಒಂದೊಂದು ಭಾಗ ತೆಗೆದು ಹೊಂದಿಸಿದೆ. ಓಡಾಡಿದ ಜನ ದೆವ್ವಗಳ ಹಾಗೆ ಎರಡೆರಡಾಗಿ ಬಂದಿದ್ದರು, ಅವರನ್ನೆಲ್ಲ ಅಳಿಸಿ ಕೂರಿಸುವುದಕ್ಕೆ ಎರಡು ರಾತ್ರಿ ಹಿಡಿಯಿತು. ಅಲುಗದೆ ಕೂತಿದ್ದವಳೆಂದರೆ ಬೋರ್ಡಿನ ನೇರ ಕೆಳಗೆ, ರಸ್ತೆಯಂಚಿನಲ್ಲಿ ಹೂ ಮಾರುವ ಅಮ್ಮ. ದೀಪ ಹಚ್ಚುವ ಹೊತ್ತಿಗೆ ಅಂಗಡಿಯವರೆಲ್ಲ ಆಕೆಯ ಹತ್ತಿರವೇ ಹೂ ಕೊಳ್ಳುತ್ತಾರೆ. ಕೊನೆಯ ಫ್ರೇಮಿನಿಂದ ಆಕೆಯನ್ನು ಮೇಲೆತ್ತಿದೆ. ಬುಟ್ಟಿಯೊಳಗಿನ ಮಲ್ಲಿಗೆ ಮಾಲೆಯ ಸುರುಳಿ ಕೂಡ ಬಿಡಿಸಿಟ್ಟಂತೆ ಬಂತು.

ಚೆನ್ನಾಗಿತ್ತು ಆ ಫೋಟೋ, ಸುಳ್ಳೇಕೆ ಹೇಳಲಿ. ಯಜಮಾನರು ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದರು. ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಬಂದಿದೆ ಎಂದು ನೋಡಿದವರೆಲ್ಲ ಹೇಳಿದರು. ನನಗೂ ಜಂಬ ಬಂತು.

ತಿಂಗಳೊಪ್ಪತ್ತು ಕಳೆದಿರಬಹುದು. ಒಂದು ಸಂಜೆ ಗಂಡಸಿ ಕಡೆಯಿಂದ ತೆಂಗಿನಕಾಯಿ ಚೀಲ ಹೇರಿಕೊಂಡು ಬಂದ ಲಗೇಜ್ ಆಟೋ ಆ ತಿರುವಿನಲ್ಲಿ ಹೂವಿನಮ್ಮನಿಗೆ ಗುದ್ದಿತು. ಆಕೆಯ ಸೊಂಟದ ಮೂಳೆ ಮುರಿಯಿತು. ಡ್ರೈವರ್ ತಾನೇ ಎತ್ತಿಕೊಂಡು ಆಸ್ಪತ್ರೆಗೆ ಸಾಗಿಸಿದ. ಕುಡಿದಿರಲಿಲ್ಲವೆಂದು ಅಲ್ಲೇ ಗೊತ್ತಾಯಿತು. ಬೋರ್ಡಿನ ಬೆಳಕು ಕಣ್ಣಿಗೆ ರಾಚಿ ಏನೂ ಕಾಣಲಿಲ್ಲ ಎಂದು ಪೊಲೀಸರಿಗೆ ಹೇಳಿದ. ಮೊಬೈಲ್ ನೋಡುತ್ತಾ ಗುದ್ದಿ ಈಗ ಬೋರ್ಡಿನ ಮೇಲೆ ಹಾಕುತ್ತಿದ್ದಾನೆ ಎಂದು ಊರು ಹೇಳಿತು. ಯಜಮಾನರು ನನ್ನ ಫೋಟೋದ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟರು. ಎಲ್ಲಿದೆ ಇದರಲ್ಲಿ ಕಣ್ಣು ಕುಕ್ಕುವ ಬೆಳಕು, ಹೂವಿನಮ್ಮ ಇಲ್ಲೇ ಎಷ್ಟು ಚೆನ್ನಾಗಿ ಕಾಣುತ್ತಿದ್ದಾಳೆ ನೋಡಿ ಎಂದರಂತೆ.

ನಾಲ್ಕು ದಿನದ ಮೇಲೆ ಆ ಡ್ರೈವರ್ ನನ್ನ ಸ್ಟುಡಿಯೋ ಬಾಗಿಲಿಗೆ ಬಂದ. ಮೂವತ್ತೈದರ ಆಸುಪಾಸಿನವನು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಅಕ್ಕ, ನೀವ್ ತೆಗ್ದಿರೋ ಫೋಟೋದಾಗೆ ಅವಮ್ಮ ಕಾಣ್ತಾಳೆ. ನನ್ ಕಣ್ಗೆ ಕಾಣ್ಲಿಲ್ಲ. ಯಾರ್ದು ಸುಳ್ಳು, ನೀವೇ ಏಳಿ," ಎಂದ.

ನನಗೆ ಸಿಟ್ಟೇ ಬಂತು. ಗುದ್ದಿದವನು ಇವನು, ಬಂದು ನನ್ನ ಕೆಲಸವನ್ನು ಸುಳ್ಳೆನ್ನುತ್ತಾನಲ್ಲ ಎನಿಸಿತು. ಅವನಿಗೆ ಬಾಯಿ ಮುಚ್ಚಿಸಲೆಂದೇ ಐದೂ ಫ್ರೇಮುಗಳನ್ನು ತೆರೆದು ತೋರಿಸಿದೆ. ತೋರಿಸುತ್ತಾ ನನ್ನ ಬಾಯೇ ಮುಚ್ಚಿತು. ಬೋರ್ಡು ಸರಿಯಾಗಿ ಬಂದಿದ್ದ ಫ್ರೇಮಿನಲ್ಲಿ ಹೂವಿನಮ್ಮ ಇರಲೇ ಇಲ್ಲ. ಆ ಜಾಗ ಮಸಿ.

"ಇದ್ನೇ ಕೊಡಿ ಅಕ್ಕ. ನಂಗೆ ಇಂಗೇ ಇತ್ತು," ಎಂದ. ಪರದೆಯ ಹತ್ತಿರ ಬಗ್ಗಿದ್ದವನ ಕಣ್ಣಲ್ಲಿ ನೀರು ತುಂಬಿತ್ತು. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಗುದ್ದಿದ್ದಕ್ಕಿಂತ ಹೆಚ್ಚಾಗಿ, ಊರು ತನ್ನನ್ನು ಸುಳ್ಳುಗಾರ ಎನ್ನುತ್ತಿರುವುದು ಅವನನ್ನು ತಿನ್ನುತ್ತಿತ್ತು.

ಕೊಟ್ಟುಬಿಡಬಹುದಿತ್ತು. ಆದರೆ ಆ ಕಪ್ಪು ಫ್ರೇಮೂ ಯಾರ ಕಣ್ಣೂ ಕಂಡದ್ದಲ್ಲ. ಅದರಲ್ಲಿ ಪಕ್ಕದ ಅಂಗಡಿಗಳೂ ಇರಲಿಲ್ಲ, ಆಕಾಶವೂ ಇರಲಿಲ್ಲ. ಬೆಳಗಿಸಿದ ಫೋಟೋವನ್ನು ಯಜಮಾನರು ಕೊಟ್ಟರು, ಕತ್ತಲಾದದ್ದನ್ನು ಇವನು ಕೊಡುತ್ತಾನೆ, ಎರಡನ್ನೂ ಮಾಡಿದವಳು ನಾನೇ. ಕಣ್ಣಾರೆ ನೋಡದೆ ಏನೂ ಕೊಡುವುದಿಲ್ಲ ಎಂದೆ.

ಅಂದು ಸಂಜೆಯೇ ತಿರುವಿಗೆ ಹೋದೆ. ಬೋರ್ಡು ತಣ್ಣಗೆ, ಸಾಧುವಾಗಿ ಉರಿಯುತ್ತಿತ್ತು. ಅಪಘಾತದ ಮರುದಿನವೇ ಬೆಳಕು ಇಳಿಸಿಬಿಟ್ಟಿದ್ದರು. ಯಜಮಾನರನ್ನು ಕೇಳಿದರೆ "ಮೊದಲಿಂದ ಇಷ್ಟೇ ಇತ್ತಲ್ಲ ಮೇಡಂ" ಎಂದು ಬೇರೆ ಕಡೆ ನೋಡಿದರು. ಅವರನ್ನು ನಾನು ಕೆಟ್ಟವರೆನ್ನಲಾರೆ, ಹೆದರಿದ್ದರು. ನನಗೆ ಮಾತ್ರ ನೋಡಬೇಕಾದದ್ದೇ ಇಲ್ಲವಾಗಿತ್ತು.

ಆಮೇಲೆ ನೆನಪಾಯಿತು. ಅವರದೇ ಇನ್ನೊಂದು ಮಳಿಗೆ ಬೇಲೂರಿನಲ್ಲಿದೆ, ಅಲ್ಲೂ ಅದೇ ಬೋರ್ಡು, ಅದೇ ಎತ್ತರದಲ್ಲಿ. ಅಲ್ಲಿ ಇನ್ನೂ ಯಾರೂ ಬೆಳಕು ಇಳಿಸಿರಲಿಲ್ಲ. ಪೊಲೀಸರು ಆಟೋವನ್ನು ತಪಾಸಣೆ ಮಾಡಿ ಬಿಟ್ಟಿದ್ದರು, ಆದರೆ ಡ್ರೈವರ್ ಅಂದಿನಿಂದ ಹೊತ್ತು ಮುಳುಗಿದ ಮೇಲೆ ಅದನ್ನು ಓಡಿಸಿರಲಿಲ್ಲ. ಅದೇ ಆಟೋದಲ್ಲಿ, ಅದೇ ಸೀಟಿನಲ್ಲಿ ಕೂತು ನೋಡಬೇಕೆಂದು ನಾನು ಪಟ್ಟು ಹಿಡಿದೆ. ಒಬ್ಬರಿಗೆ ಮಾಡಿದ ಸೀಟಿನ ಪಕ್ಕ ನನ್ನಂಥ ದಪ್ಪ ಆಸಾಮಿ ತೂರಿಕೊಂಡು ಕೂತು, ಜಾವಗಲ್ಲು, ಹಳೇಬೀಡು ದಾಟಿ ಬೇಲೂರು ತಲುಪುವಷ್ಟರಲ್ಲಿ ಮೊಣಕಾಲು ನನ್ನವೋ ಬೇರೆಯವರದೋ ಎಂಬಂತಾಗಿತ್ತು.

ಮಳಿಗೆಯ ಎದುರಿಗೆ, ಅರಸೀಕೆರೆಯ ತಿರುವಿನಷ್ಟೇ ದೂರದಲ್ಲಿ ಆಟೋ ನಿಲ್ಲಿಸಿದೆವು. ಹೂ ಮಾರುವವರೊಬ್ಬರಿಂದ ಖಾಲಿ ಬುಟ್ಟಿ ಕೇಳಿ ತಂದೆ. ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಅವನು ಎಲ್ಲಿ ನಿಲ್ಲುತ್ತಾನೆಂದು ನನಗೆ ಮೊದಲೇ ಗೊತ್ತಿರಬಾರದು. ಇದೆಯೆಂದು ಗೊತ್ತಾದರೆ ಕಣ್ಣು ಹುಡುಕಿ ಕಂಡುಬಿಡುತ್ತದೆ. ಹಾಗಾಗಿ ನಾನು ತಲೆ ತಗ್ಗಿಸಿಕೊಂಡಿದ್ದೆ. ಅವನು ಬುಟ್ಟಿ ಹಿಡಿದು ರಸ್ತೆಯಂಚಿನಲ್ಲಿ ಎಲ್ಲೋ ನಿಂತ, ನಿಂತೆ ಎಂದು ಫೋನಿನಲ್ಲಿ ಹೇಳಿದ. ತಲೆ ಎತ್ತಿದೆ.

ಬೋರ್ಡು, ಬಾಳೆಹಣ್ಣಿನ ಗಾಡಿ, ಔಷಧಿ ಅಂಗಡಿ, ಎರಡು ಬೈಕು. ಅವನಿಲ್ಲ. ಬೋರ್ಡಿನ ಕೆಳಗೆ ಹಾಲಿನಂಥ ಮಂಜು ಕವಿದಂತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮೊದಲು ಎಲ್ಲ ಕತ್ತಲು, ಸ್ವಲ್ಪ ಹೊತ್ತಿಗೆ ಸಂಜೆಯ ಉಳಿದ ಬೆಳಕಲ್ಲಿ ಅವನು ಕಂಡ. ಬಾಳೆಹಣ್ಣಿನ ಗಾಡಿಯಿಂದ ನಾಲ್ಕು ಮಾರು ಈಚೆ, ಬುಟ್ಟಿ ಎದೆಗವಚಿಕೊಂಡು ನಿಂತಿದ್ದ. ಕರೆಂಟು ಬಂತು, ಅವನು ಮಾಯವಾದ.

ಅವನು ಹೇಳಿದ್ದು ನಿಜ! ಕ್ಯಾಮೆರಾ ಎತ್ತಿ, ಓಡಿಸುವಾಗ ಅವನ ಕಣ್ಣು ಇರುವ ಎತ್ತರಕ್ಕೆ ಹಿಡಿದೆ. ಈ ಸಲ ಒಂದೇ ಫ್ರೇಮು, ಜೋಡಣೆಯಿಲ್ಲ, ತಿದ್ದುವುದಿಲ್ಲ. ಎಷ್ಟು ಬೆಳಕು ಬಿಡಬೇಕೆಂಬುದಕ್ಕೆ ಬಾಳೆಹಣ್ಣಿನ ಗಾಡಿಯನ್ನೇ ಅಳತೆ ಮಾಡಿಕೊಂಡೆ. ನನ್ನ ಕಣ್ಣಿಗೆ ಆ ಗೊನೆಗಳು ಎಷ್ಟು ಕಾಣುತ್ತಿದ್ದವೋ ಕ್ಯಾಮೆರಾದ ಪರದೆಯಲ್ಲೂ ಅಷ್ಟೇ ಕಾಣುವವರೆಗೆ ಹೆಚ್ಚು ಕಮ್ಮಿ ಮಾಡಿ, ಅಲ್ಲಿಗೆ ನಿಲ್ಲಿಸಿ ಒತ್ತಿದೆ.

ಇನ್ನೊಂದು ತೆಗೆಯುವ ಮುಂಚೆ ನನ್ನ ಕೈ ಅಭ್ಯಾಸಬಲದಿಂದ ಕರವಸ್ತ್ರ ತೆಗೆದು ಎದುರಿನ ಗಾಜನ್ನು ಒರೆಸಿತು. ಗಾಜೆಂದರೆ ಒರೆಸುವ ಕೈ ನನ್ನದು. ಮಂಜು ಹೋಗಲಿಲ್ಲ. ಕೈ ಹೊರಚಾಚಿ ಗಾಜಿನ ಹೊರಮೈಯನ್ನು ಉಗುರಿನಿಂದ ಮುಟ್ಟಿ ನೋಡಿದೆ. ವೈಪರ್ ಓಡಾಡುವ ಉದ್ದಕ್ಕೂ ಗಾಜಿನ ಮೇಲೆ ಸಣ್ಣ ಸಣ್ಣ ಗೀರುಗಳು, ಬಿಲ್ಲಿನಂತೆ ಬಾಗಿದ್ದವು. ವೈಪರಿನ ರಬ್ಬರು ಸವೆದು ಎಷ್ಟು ದಿನವಾಗಿತ್ತೋ, ಬರೀ ಕಬ್ಬಿಣ ಮರಳಿನ ಜೊತೆ ಗಾಜನ್ನು ಉಜ್ಜಿತ್ತು. ಹಗಲಲ್ಲಿ ಕಾಣದ ಆ ಗೀರುಗಳು ಬೋರ್ಡಿನ ಬೆಳಕು ಬಿದ್ದೊಡನೆ ಒಂದೊಂದೂ ಹೊತ್ತಿಕೊಂಡು ಪರದೆ ಕಟ್ಟುತ್ತಿದ್ದವು.

ಆಟೋದಿಂದ ಹೊರಗೆ ಬಾಗಿ, ಗಾಜಿನ ಪಕ್ಕದಿಂದ ನೋಡಿದೆ. ಮಸುಕಾಗಿ, ಕಷ್ಟಪಟ್ಟು, ಆದರೂ ಅವನು ಕಂಡ. ಅಲ್ಲಿದ್ದಾನೆಂದು ಗೊತ್ತಿದ್ದದ್ದಕ್ಕೆ ಕಂಡನೋ ಏನೋ ಎಂದು, ಔಷಧಿ ಅಂಗಡಿಯಿಂದ ಬಂದ ಒಬ್ಬರನ್ನು ನಿಲ್ಲಿಸಿ ಅಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. "ಯಾರೋ ಬುಟ್ಟಿ ಹಿಡ್ಕೊಂಡು ನಿಂತವ್ರಲ್ಲ, ಯಾಕ್ರೀ?" ಎಂದರು. ಕ್ಯಾಮೆರಾದ ಲೆಕ್ಕ ಒಂದನ್ನೂ ಬದಲಿಸದೆ ಗಾಜಿನ ಹೊರಗಿನಿಂದ ಎರಡನೆಯ ಫ್ರೇಮು ಒತ್ತಿದೆ.

ಅವನು ರಸ್ತೆ ದಾಟಿ ಓಡಿ ಬಂದ. "ಕಂಡ್ನಾ ಅಕ್ಕ?"

"ಮೊದಲು ನೋಡಿದಾಗ ಕಾಣಲಿಲ್ಲ ಕಣಪ್ಪ."

ಬುಟ್ಟಿಯನ್ನು ನೆಲಕ್ಕಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮುಖ ಮುಚ್ಚಿಕೊಂಡು ಅತ್ತ. ಉಳಿದರ್ಧವನ್ನು, ಗಾಜಿನ ಮಾತನ್ನು, ಆಗ ಹೇಳದೆ ಬುಟ್ಟಿ ವಾಪಸು ಕೊಟ್ಟು ಬಂದೆ.

ವಾಪಸು ಬರುವಾಗ ಎದುರಿನ ಪ್ರತಿ ಲಾರಿಯ ದೀಪಕ್ಕೂ ಅವನು ಆಟೋವನ್ನು ಅಂಚಿಗಿಳಿಸಿ ನಿಲ್ಲಿಸುತ್ತಿದ್ದ. ಹಳೇಬೀಡಿನಲ್ಲಿ ಟೀಗೆ ಇಳಿದೆವು. ಅಲ್ಲಿ ಎರಡು ಫ್ರೇಮನ್ನೂ ತೋರಿಸಿ ಗಾಜಿನ ವಿಷಯ ಹೇಳಿದೆ.

"ಹೊಸ ರಬ್ಬರು ತಂದಿವ್ನಿ ಅಕ್ಕ. ಸೀಟಿನ್ ಕೆಳ್ಗೇ ಐತೆ. ಹಾಕ್ದೆ ಬಿಟ್ಟೆ, ಮಳೆಗಾಲ ಬರ್ಲಿ ಅಂತ." ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ಮೊದಲ್ನೇದು ಒಂದೇ ಕೊಡಿ. ಎರಡ್ನೇದು ಯಾರ್ಗೂ ಬ್ಯಾಡ. ನಿಮ್ ಕಾಲಿಗ್ ಬೀಳ್ತೀನಿ."

"ಒಂದೇ ಕೊಟ್ಟರೆ ಯಜಮಾನರು ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಹೇಳು?"

ಅವನು ಎದ್ದು ಹೋಗಿ ಆಟೋ ಸ್ಟಾರ್ಟ್ ಮಾಡಿದ. ಅರಸೀಕೆರೆಯಲ್ಲಿ ಸ್ಟುಡಿಯೋ ಮುಂದೆ ನನ್ನನ್ನು ಇಳಿಸಿ, "ಸಾಯಂಗಾಲ ಕಾಣ್ಲಿಲ್ಲ ಅಂತ ಏಳಿ ನನ್ನ ಅಳ್ಸಿದ್ರಿ, ಈಗ ನೀವೇ ಇಂಗಂತೀರ," ಎಂದು ಹೇಳಿ ಹೊರಟುಹೋದ.

ಆ ವಾರವೆಲ್ಲ ಅದೇ ಲೆಕ್ಕ ಹಾಕಿದೆ. ಎರಡೂ ಕೊಟ್ಟರೆ ಅವನ ಕುತ್ತಿಗೆಗೆ ಬರುತ್ತದೆ. ಒಂದನ್ನೂ ಕೊಡದಿದ್ದರೆ ಗಲ್ಲಾಪೆಟ್ಟಿಗೆಯ ಹಿಂದಿನ ನನ್ನ ಫೋಟೋವೇ ಸಾಕ್ಷಿಯಾಗಿ ಉಳಿಯುತ್ತದೆ. ಅದನ್ನು ನೋಡುವ ಯಾರಿಗೂ, ಅದಕ್ಕಾಗಿ ನಾನು ಲೆನ್ಸ್ ಒರೆಸಿದ್ದು, ಫಿಲ್ಟರ್ ಬಿಚ್ಚಿದ್ದು, ಕತ್ತಲಿನಿಂದ ಆ ಅಮ್ಮನನ್ನು ಎತ್ತಿದ್ದು ಗೊತ್ತಾಗುವುದಿಲ್ಲ. ಸುಮ್ಮನಿರುವುದು ನನಗೆ ಸಾಧ್ಯವೇ ಇರಲಿಲ್ಲ. ಸೋಮವಾರ ಎರಡನ್ನೂ ಠಾಣೆಗೆ ಕೊಡುತ್ತೇನೆ, ಬರುವುದಿದ್ದರೆ ಬಾ ಎಂದು ಅವನಿಗೆ ಫೋನು ಮಾಡಿದೆ. "ಆಯ್ತು" ಎಂದಷ್ಟೇ ಹೇಳಿ ಇಟ್ಟ.

ಠಾಣೆಯ ಸಾಹೇಬರ ಮೇಜಿನ ಮೇಲೆ ಮೊದಲು ಯಜಮಾನರ ಫೋಟೋದ ಐದು ಫ್ರೇಮುಗಳನ್ನು ಬಿಡಿಬಿಡಿಯಾಗಿ ಇಟ್ಟೆ. ಯಜಮಾನರನ್ನೂ ಕರೆಸಿದ್ದರು. "ನೀವೇ ತೆಗೆದ ಫೋಟೋನ ನೀವೇ ಸುಳ್ಳು ಅಂತೀರಾ ಮೇಡಂ?" ಎಂದು ಅವರು ಎದ್ದು ನಿಂತರು.

"ಸುಳ್ಳಲ್ಲ ಯಜಮಾನ್ರೇ. ಚೆಂದ ಕಾಣಲಿ ಅಂತ ಮಾಡಿದ್ದು. ಗೋಡೆಗೆ ಸರಿ, ಠಾಣೆಗೆ ಅಲ್ಲ."

ಬೇಲೂರಿನ ಎರಡು ಚಿತ್ರಗಳನ್ನು ಇಟ್ಟು ಗಾಜಿನ ಮಾತಿಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಡ್ರೈವರ್ ನಿಂತಿದ್ದ. ಒಳಗೆ ಬಂದು, ನಾನು ಬಾಯಿ ತೆರೆಯುವ ಮುಂಚೆಯೇ, "ವೈಪರ್ ರಬ್ಬರ್ ಹಾಕಿರ್ಲಿಲ್ಲ ಸಾ. ಗಾಜು ನಂದೇ ತಪ್ಪು. ಆದ್ರೆ ಅವಮ್ಮ ನಂಗ್ ಕಾಣ್ಲಿಲ್ಲ, ಅದು ದೇವ್ರಾಣೆ ನಿಜ," ಎಂದ. ಸಾಹೇಬರು ಎರಡನ್ನೂ ತೆಗೆದುಕೊಂಡು, ಇದರ ತೂಕ ಕೋರ್ಟು ನೋಡುತ್ತದೆ ಎಂದರು. ಬೇಲೂರಿನ ಬೋರ್ಡಿನ ಬೆಳಕನ್ನೂ ಇಳಿಸಿ ಎಂದು ಯಜಮಾನರಿಗೆ ಹೇಳಿದರು. ಯಜಮಾನರು ನನ್ನ ಮುಖ ನೋಡದೆ ಎದ್ದು ಹೋದರು. ಈಗಲೂ ಎದುರಾದರೆ ಮಾತಿಲ್ಲ.

ಹೊರಗೆ ಬಂದ ಮೇಲೆ ಡ್ರೈವರ್ ನನ್ನ ಹಿಂದೆಯೇ ನಡೆದು ಬಂದ. ಹೂವಿನಮ್ಮನ ಮನೆಗೆ ಹೋಗಬೇಕು, ಒಬ್ಬನೇ ಹೋಗಲು ಕಾಲು ಬರುತ್ತಿಲ್ಲ ಎಂದ. ಆಕೆ ಆಸ್ಪತ್ರೆಯಿಂದ ಬಂದು ರೈಲು ಹಳಿಯ ಪಕ್ಕದ ಓಣಿಯಲ್ಲಿ ಮಗಳ ಮನೆಯಲ್ಲಿದ್ದಳು. ನಾವು ಹೋದಾಗ ಹೊತ್ತು ಮುಳುಗುತ್ತಿತ್ತು. ಅವನು ಚಪ್ಪಲಿ ಬಿಟ್ಟು ಹೊರಗೇ ನಿಂತ. ನಾನು ಒಳಗೆ ಹೋಗಿ ಮಂಚದ ಪಕ್ಕ ಕೂತು ಯಾರೆಂದು ಹೇಳಿಕೊಂಡೆ.

"ನಂಗ್ ಒಂದೇ ಏಳವ್ವ," ಎಂದಳು ಆಕೆ. "ಅವ್ನು ಕಂಡೂ ಬಂದ್ನೋ, ಕಾಣ್ದೆ ಬಂದ್ನೋ? ರಾತ್ರಿಯೆಲ್ಲ ಅದೇ ಯೋಚ್ನೆ."

ನಾನು ಬೇಲೂರಿನ ಮೊದಲನೆಯ ಚಿತ್ರದ ಇನ್ನೊಂದು ಪ್ರತಿ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಇದ್ರಾಗೇನೈತೆ? ಬೋರ್ಡು ಬಿಟ್ರೆ ಏನೂ ಇಲ್ಲ."

"ಗಾಜಿನ ಒಳಗಿಂದ ಅವನಿಗೆ ಕಂಡಿದ್ದು ಇಷ್ಟೇ ಅಮ್ಮ." ಬೇಲೂರಿನ ವಿಷಯ, ಗೀರಿನ ವಿಷಯ, ಸವೆದ ರಬ್ಬರಿನ ವಿಷಯ, ಒಂದನ್ನೂ ಬಿಡದೆ ಹೇಳಿದೆ. ಎರಡನೆಯ ಚಿತ್ರ ಕೊಟ್ಟೆ. "ಇದು ಗಾಜಿನ ಹೊರಗಿಂದ. ಬುಟ್ಟಿ ಹಿಡಿದು ನಿಂತಿರೋನು ಅವನೇ."

ಅದನ್ನೂ ಕಣ್ಣಿನ ಹತ್ತಿರ ಹಿಡಿದಳು. "ಹೆದ್ರಿಕಂಡವ್ನೆ," ಎಂದಳು. "ಗಾಡಿ ಎಲ್ ಮೈಮೇಲೆ ಬತ್ತೈತೋ ಅಂತ ಮೈಯೆಲ್ಲ ರಸ್ತೆ ಕಡೀಕೇ ಐತೆ ನೋಡು. ಆ ಬೋರ್ಡು ಬಂದಾಗ್ಲಿಂದ ನಾನೂ ಇಂಗೇ ಕುಂತಿರ್ತಿದ್ದೆ ಕಣವ್ವ, ದಿನಾ. ಅಂಗ್ಡಿಯೋರ್ಗೆ ಏಳಿದ್ರೆ, ಎಲ್ಲಾರ್ಗೂ ಕಾಣ್ಲಿ ಅಂತಾನೇ ಅಲ್ವಾ ಹಾಕಿರೋದು ಅಂದ್ರು."

ಆಕೆ ಚಿತ್ರವನ್ನು ಎದೆಯ ಮೇಲಿಟ್ಟುಕೊಂಡು ಬಾಗಿಲ ಕಡೆಗೆ ತಿರುಗಿದಳು. ಮಗಳು ಇನ್ನೂ ದೀಪ ಹಚ್ಚಿರಲಿಲ್ಲ. ಹೊರಗೆ ಅವನ ಆಕಾರ ಇದ್ದೂ ಇಲ್ಲದಂತೆ ಇತ್ತು.

"ನನ್ ಸೊಂಟ ಇನ್ ಮೊದ್ಲಿನಂಗೆ ಆಗಲ್ಲ ಕಣಪ್ಪ," ಎಂದು ಅವನಿಗೆ ಕೇಳುವಂತೆ ಹೇಳಿದಳು. "ಕೋರ್ಟ್ನಾಗೆ ಕೇಳಿದ್ರೂ ಅದ್ನೇ ಏಳ್ತೀನಿ, ಬಿಡಕಿಲ್ಲ." ಎದೆಯ ಮೇಲಿನ ಚಿತ್ರವನ್ನು ದಿಂಬಿನ ಕೆಳಗೆ ಸರಿಸಿದಳು. "ಈಗ ಒಳೀಕ್ ಬಾ. ಅಲ್ ಕತ್ಲಾಗ್ ನಿಂತ್ಕಂಡ್ರೆ ಯಾರ್ಗ್ ಕಾಣ್ತೀಯ?"